ಕತ್ತಿಗೆ ಕಟ್ಟಿದ ಕೋಲು, ಕೈಗೆ ಕೊಟ್ಟ ನೋಟುಪುಸ್ತಕ

1924ರಲ್ಲಿ ಮೈಸೂರಿನಲ್ಲಿ ಓದುತ್ತಿದ್ದ ಕೆ.ವಿ. ಪುಟ್ಟಪ್ಪನವರು ತಾವು ಬರೆದ ಇಂಗ್ಲಿಷ್ ಕವಿತೆಗಳನ್ನು ಹಿಡಿದುಕೊಂಡು, ಊರಿಗೆ ಬಂದಿದ್ದ ಐರಿಷ್ ಕವಿಯೊಬ್ಬರನ್ನು ಕಾಣಲು ಹೋದರು. ಆ ಕವಿ ಜೇಮ್ಸ್ ಕಸಿನ್ಸ್. ಕವಿತೆಗಳನ್ನು ನೋಡಿದ ಅವರು ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದು ಸಲಹೆ ಕೊಟ್ಟರು. ಮುಂದಿನದು ನಮಗೆಲ್ಲ ಗೊತ್ತು. ಈ ಪ್ರಸಂಗವನ್ನು ತರಗತಿಯಲ್ಲಿ ಹೇಳದ ಕನ್ನಡ ಮೇಷ್ಟ್ರು ಇರಲಾರರು. ಆದರೆ ಕಸಿನ್ಸ್ ಹುಟ್ಟಿದ ನಾಡು ಎಂಥದು, ಆ ನಾಡಿನ ಸ್ವಂತ ಭಾಷೆಗೆ ಏನಾಗಿತ್ತು ಎಂಬುದನ್ನು ಹೇಳುವವರು ಕಡಿಮೆ. ಈ ವಾರ ಐರ್ಲೆಂಡಿನ ಕಡೆ ಹೋಗಿ ಬರೋಣ.

ಭೂಪಟದಲ್ಲಿ ಇಂಗ್ಲೆಂಡಿನ ಎಡಕ್ಕೆ, ಅಟ್ಲಾಂಟಿಕ್ ಸಾಗರಕ್ಕೆ ಎದೆಯೊಡ್ಡಿ ನಿಂತಿರುವ ದ್ವೀಪ ಇದು. ವಿಸ್ತೀರ್ಣ ಸುಮಾರು 84,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಅರ್ಧಕ್ಕಿಂತ ಕಡಿಮೆ. ಅದರಲ್ಲೂ ಈಶಾನ್ಯದ ಒಂದು ಭಾಗ ಇಂದಿಗೂ ಬ್ರಿಟನ್ನಿಗೆ ಸೇರಿದೆ. ಕಸಿನ್ಸ್ ಹುಟ್ಟಿದ ಬೆಲ್‌ಫಾಸ್ಟ್ ಇರುವುದು ಅಲ್ಲೇ. ಪಶ್ಚಿಮದ ಕೆಲವು ಕಡೆ ವರ್ಷಕ್ಕೆ 225 ದಿನ ಮಳೆ. ಮಳೆಯೆಂದರೆ ಆಗುಂಬೆಯ ಮಳೆಯಲ್ಲ, ಬಿಡದೆ ಹನಿಯುವ ಜಿಟಿಜಿಟಿ. ಆ ದೇಶ ಸದಾ ಹಸಿರಾಗಿರುವುದು ಇದರಿಂದಲೇ.

ಹಸಿರಾಗಿದ್ದ ಮಾತ್ರಕ್ಕೆ ನೆಲವೆಲ್ಲ ಫಲವತ್ತು ಎಂದುಕೊಳ್ಳಬಾರದು. ಪಶ್ಚಿಮದ ಅರಾನ್ ದ್ವೀಪಗಳಲ್ಲಿ ನೆಲವೆಂದರೆ ಬರಿಯ ಸುಣ್ಣಕಲ್ಲಿನ ಹಾಸು. ಅಲ್ಲಿಯ ಜನ ಕಡಲ ಮರಳನ್ನೂ ಕಡಲಕಳೆಯನ್ನೂ ಹೊತ್ತು ತಂದು ಬಂಡೆಯ ಮೇಲೆ ಹರಡಿ ಮಣ್ಣನ್ನೇ ತಯಾರಿಸಿದರು. ಆ ಮಣ್ಣು ಗಾಳಿಗೆ ಹಾರದಿರಲಿ ಎಂದು ಗಾರೆಯಿಲ್ಲದ ಕಲ್ಲುಗೋಡೆ ಕಟ್ಟಿದರು. ದೇಶದ ನಡುಭಾಗದಲ್ಲಿಯೂ ಪಶ್ಚಿಮದಲ್ಲಿಯೂ ಮೈಲಿಗಟ್ಟಲೆ ಜೌಗು ನೆಲವಿದೆ. ಸಾವಿರಾರು ವರ್ಷಗಳಿಂದ ಪಾಚಿ, ಹುಲ್ಲು ಪೂರ್ತಿ ಕೊಳೆಯದೆ ಪದರಪದರವಾಗಿ ಒತ್ತಿಕೊಂಡಿರುವ ಕಪ್ಪು ನೆಲ. ಬೇಸಿಗೆಯಲ್ಲಿ ಅದನ್ನು ಇಟ್ಟಿಗೆಯಂತೆ ಕತ್ತರಿಸಿ, ಒಣಗಿಸಿ, ಒಲೆಗೆ ಹಾಕುತ್ತಿದ್ದರು. ಇದಕ್ಕೆ ಅಲ್ಲಿ ಟರ್ಫ್ ಎನ್ನುತ್ತಾರೆ. ಹಿಂದಿನವರು ಈ ಜೌಗಿನಲ್ಲಿ ಹುಗಿದಿಟ್ಟ ಬೆಣ್ಣೆ ನೂರಾರು ವರ್ಷಗಳ ಮೇಲೆ ಅಗೆಯುವವರ ಸಲಿಕೆಗೆ ಸಿಕ್ಕಿದ್ದುಂಟು.

ಮನೆಯ ನಡುವೆ ಟರ್ಫಿನ ಒಲೆ, ಅದರ ಸುತ್ತ ನೆರೆಹೊರೆಯವರು, ಕತೆ, ಹಾಡು, ಪಿಟೀಲು. ಇದು ಐರ್ಲೆಂಡಿನ ಹಳ್ಳಿಗಳ ಸಂಜೆಯಾಗಿತ್ತು. ಮಲಗುವ ಮುನ್ನ ಮನೆಯಾಕೆ ಕೆಂಡವನ್ನು ಬೂದಿಯಲ್ಲಿ ಮುಚ್ಚಿ ಪ್ರಾರ್ಥನೆ ಹೇಳುವಳು; ಬೆಳಗ್ಗೆ ಬೂದಿ ಕೆದಕಿದರೆ ಬೆಂಕಿ ಸಿದ್ಧ. ಫೆಬ್ರುವರಿ 1 ಸಂತ ಬ್ರಿಜಿಡ್ ಹಬ್ಬ. ಅಂದು ಜೊಂಡಿನಿಂದ ಶಿಲುಬೆ ಹೆಣೆದು ಬಾಗಿಲ ಬಳಿ ತೂಗುಹಾಕುವರು. ಇಂದು ಅಮೆರಿಕದ ಹಬ್ಬವೆಂದು ನಾವು ತಿಳಿದಿರುವ ಹ್ಯಾಲೊವೀನ್‌ನ ಬೇರು ಕೂಡ ಐರಿಷರ ಹಳೆಯ ಸಾವಿನ್ ಹಬ್ಬದಲ್ಲಿದೆ. ಅಲ್ಲಿ ಮುಖ ಕೊರೆಯುತ್ತಿದ್ದುದು ಕುಂಬಳಕಾಯಿಯಲ್ಲಲ್ಲ, ಟರ್ನಿಪ್ ಗೆಡ್ಡೆಯಲ್ಲಿ!

ಈ ಬದುಕಿಗೆ ಏಟು ಬಿದ್ದದ್ದು 1845ರಲ್ಲಿ. ಬಡವರ ಹೊಟ್ಟೆ ತುಂಬಿಸುತ್ತಿದ್ದುದು ಒಂದೇ ಬೆಳೆ, ಆಲೂಗೆಡ್ಡೆ. ಅದಕ್ಕೆ ಅಂಗಮಾರಿ ರೋಗ ಬಂತು. ಹಾಸನದ ಆಲೂಗೆಡ್ಡೆ ಬೆಳೆಗಾರರನ್ನು ಮಳೆಗಾಲದಲ್ಲಿ ಕಾಡುವ ಅಂಗಮಾರಿಯೂ ಅದೇ. ಕೆಲವೇ ದಿನಗಳಲ್ಲಿ ಗಿಡ ಕಪ್ಪಾಗಿ, ಗೆಡ್ಡೆ ನೆಲದಲ್ಲೇ ಕೊಳೆಯಿತು. ಐದಾರು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಜನ ಹಡಗು ಹತ್ತಿ ದೇಶ ಬಿಟ್ಟರು. ಆಗ ಆಳುತ್ತಿದ್ದುದು ಬ್ರಿಟಿಷ್ ಸರ್ಕಾರ. ಹಸಿವಿನ ಆ ವರ್ಷಗಳಲ್ಲೂ ಧಾನ್ಯ, ದನಗಳು ಐರ್ಲೆಂಡಿನ ಬಂದರುಗಳಿಂದ ಹೊರಗೆ ಹೋಗುತ್ತಲೇ ಇದ್ದವು. 1841ರಲ್ಲಿ 80 ಲಕ್ಷ ದಾಟಿದ್ದ ದ್ವೀಪದ ಜನಸಂಖ್ಯೆ ಇಂದಿಗೂ ಆ ಮಟ್ಟಕ್ಕೆ ಮರಳಿಲ್ಲ. ಈಗ ಎರಡೂ ಭಾಗ ಸೇರಿ 70 ಲಕ್ಷದ ಆಸುಪಾಸು.

ಬರಗಾಲದಲ್ಲಿ ಹೆಚ್ಚು ಸತ್ತವರು, ಹೆಚ್ಚು ದೇಶ ಬಿಟ್ಟವರು ಪಶ್ಚಿಮದ ಬಡವರು. ಐರಿಷ್ ಭಾಷೆ ಗಟ್ಟಿಯಾಗಿ ಉಳಿದಿದ್ದುದೂ ಅವರ ನಾಲಗೆಯ ಮೇಲೆಯೇ. (ಐರಿಷ್ ಎಂದರೆ ಇಂಗ್ಲಿಷಿನ ಒಂದು ಬಗೆ ಎಂದು ತಿಳಿಯಬಾರದು. ಅದು ಬೇರೆಯೇ ಭಾಷೆ. ಹೌದು, ಅಲ್ಲ ಎನ್ನುವುದಕ್ಕೆ ಅದರಲ್ಲಿ ಪ್ರತ್ಯೇಕ ಪದವಿಲ್ಲ. ಬಂದೆಯಾ ಎಂದು ಕೇಳಿದರೆ ಬಂದೆ, ಬರಲಿಲ್ಲ ಎಂದೇ ಉತ್ತರಿಸಬೇಕು.) ಆದರೆ ಎಲ್ಲ ತಪ್ಪನ್ನೂ ಬರಗಾಲದ ಮೇಲೆ ಹೊರಿಸುವಂತಿಲ್ಲ. 1831ರಲ್ಲಿ ಆರಂಭವಾದ ಸರ್ಕಾರಿ ಶಾಲೆಗಳಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಅನೇಕ ಕಡೆ ಮಗುವಿನ ಕತ್ತಿಗೆ ಒಂದು ಪುಟ್ಟ ಕೋಲನ್ನು ದಾರದಿಂದ ಕಟ್ಟುತ್ತಿದ್ದರು. ಐರಿಷ್ ಮಾತಾಡಿದಾಗಲೆಲ್ಲ ಆ ಕೋಲಿನ ಮೇಲೆ ಒಂದು ಗೀಟು. ಸಂಜೆ ಗೀಟುಗಳನ್ನು ಎಣಿಸಿ ಅಷ್ಟು ಏಟು.

ಮಕ್ಕಳ ತಂದೆತಾಯಿಯರು ಗಮನಿಸಬೇಕಾದ ಸಂಗತಿ ಮುಂದಿದೆ. ಮನೆಯಲ್ಲಿ ಆ ಗೀಟು ಹಾಕುತ್ತಿದ್ದವರು ಸ್ವತಃ ಹೆತ್ತವರು! ಅವರು ಕಟುಕರಲ್ಲ. ಎಷ್ಟೋ ಮಂದಿಗೆ ಇಂಗ್ಲಿಷ್ ಬರುತ್ತಲೇ ಇರಲಿಲ್ಲ. ಮಗ ಬಾಸ್ಟನ್ನಿಗೋ ಲಿವರ್‌ಪೂಲಿಗೋ ಹೋಗಿ ಬದುಕಬೇಕು, ತಮ್ಮಂತೆ ಹಸಿದು ಸಾಯಬಾರದು ಎಂಬ ಆಸೆ ಅಷ್ಟೆ. ಅವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ. 1851ರಲ್ಲಿ ಐರಿಷ್ ಬಲ್ಲವರು ಸುಮಾರು 15 ಲಕ್ಷ. 40 ವರ್ಷಗಳ ನಂತರ 7 ಲಕ್ಷಕ್ಕಿಂತ ಕಡಿಮೆ.

ಭಾಷೆ ಹೋದಂತೆ ನೆಲವೂ ಮೂಕವಾಯಿತು. ಭೂಮಾಪನ ಇಲಾಖೆಯವರು ಊರುಗಳ ಹೆಸರನ್ನು ಇಂಗ್ಲಿಷ್ ಕಿವಿಗೆ ಕೇಳಿಸಿದಂತೆ ಬರೆದುಕೊಂಡಿದ್ದರು. ಡಬ್ಲಿನ್ ಎಂದರೆ ಮೂಲದಲ್ಲಿ ಕರಿಯ ಮಡು. ಡೆರಿ ಎಂದರೆ ಓಕ್ ಮರಗಳ ತೋಪು. 'ಕಿಲ್' ಎಂದು ಆರಂಭವಾಗುವ ಎಷ್ಟೋ ಊರುಗಳ ಹೆಸರಿನಲ್ಲಿ ಒಂದು ಹಳೆಯ ಚರ್ಚು ಅಡಗಿದೆ. ಊರಿನಲ್ಲಿ ಹುಟ್ಟಿ ಬೆಳೆದ ಹುಡುಗನಿಗೇ ತನ್ನೂರಿನ ಹೆಸರಿನ ಅರ್ಥ ತಿಳಿಯದ ಸ್ಥಿತಿ ಬಂತು.

1893ರಲ್ಲಿ ಡಗ್ಲಾಸ್ ಹೈಡ್ ಮೊದಲಾದವರು ಗೇಲಿಕ್ ಲೀಗ್ ಸ್ಥಾಪಿಸಿ ಭಾಷೆಯನ್ನು ಉಳಿಸಲು ಹೊರಟರು. ಅದೇ ಹೈಡ್ 1938ರಲ್ಲಿ ಐರ್ಲೆಂಡಿನ ಮೊದಲ ರಾಷ್ಟ್ರಾಧ್ಯಕ್ಷರಾದರು. 1937ರ ಸಂವಿಧಾನ ಐರಿಷನ್ನು ಮೊದಲ ಅಧಿಕೃತ ಭಾಷೆ ಎಂದಿತು, ಶಾಲೆಗಳಲ್ಲಿ ಅದು ಕಡ್ಡಾಯವಾಯಿತು. ಫಲ? 2022ರ ಜನಗಣತಿಯಲ್ಲಿ ಐರಿಷ್ ಬರುತ್ತದೆ ಎಂದವರು 18 ಲಕ್ಷಕ್ಕೂ ಹೆಚ್ಚು. ಶಾಲೆಯ ಹೊರಗೆ ದಿನವೂ ಅದನ್ನು ಮಾತಾಡುವವರು ಸುಮಾರು 72,000 ಮಾತ್ರ. ಪರೀಕ್ಷೆಯ ಭಾಷೆ ಅಡುಗೆಮನೆಗೆ ಅಷ್ಟು ಸುಲಭವಾಗಿ ಬರುವುದಿಲ್ಲ. ಬೇಸಿಗೆ ರಜೆಯಲ್ಲಿ ಸಾವಿರಾರು ಮಕ್ಕಳು ಐರಿಷ್ ಮಾತಾಡುವ ಪಶ್ಚಿಮದ ಊರುಗಳಿಗೆ ಹೋಗಿ, ಅಲ್ಲಿಯವರ ಮನೆಗಳಲ್ಲೇ ಉಂಡು ಮಲಗಿ, ಎರಡು ಮೂರು ವಾರ ಆ ಭಾಷೆಯಲ್ಲೇ ಕಳೆಯುತ್ತಾರೆ. ನೂರು ಪಾಠಗಳಿಗಿಂತ ಇದೇ ಮೇಲು ಎಂದು ನನ್ನ ಅನಿಸಿಕೆ.

ಆದರೆ ಐರ್ಲೆಂಡಿನವರು ಮಾಡಿದ ಕೆಲಸಗಳಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಬೇರೊಂದು. ಜಾನಪದ ಸಂಗ್ರಹಕ್ಕಾಗಿ 1935ರಲ್ಲಿ ಸರ್ಕಾರ ಒಂದು ಆಯೋಗ ಮಾಡಿತು. ಕೆಲಸಗಾರರು ಬೆರಳೆಣಿಕೆ, ಕತೆ ಬಲ್ಲ ಮುದುಕರೋ ದಿನಕ್ಕೊಬ್ಬರಂತೆ ತೀರಿಕೊಳ್ಳುತ್ತಿದ್ದಾರೆ. ಆಗ ಅವರಿಗೆ ಹೊಳೆದದ್ದು ಶಾಲಾಮಕ್ಕಳು. 1937ರಿಂದ 1939ರವರೆಗೆ 5,000 ಪ್ರಾಥಮಿಕ ಶಾಲೆಗಳಲ್ಲಿ, ಹನ್ನೊಂದರಿಂದ ಹದಿನಾಲ್ಕು ವರ್ಷದ 50,000ಕ್ಕೂ ಹೆಚ್ಚು ಮಕ್ಕಳ ಕೈಗೆ ನೋಟುಪುಸ್ತಕ ಬಂತು. ಮನೆಗೆ ಹೋಗಿ ಅಜ್ಜ ಅಜ್ಜಿಯರನ್ನು ಕೇಳಿ ಬರೆದು ತರಬೇಕು. ಊರಿನ ಬಾವಿಯ ಕತೆ, ಹಲ್ಲುನೋವಿಗೆ ಮದ್ದು, ಮಳೆ ಬರುವ ಲಕ್ಷಣ, ಒಗಟು, ಆಟ, ಬೆಣ್ಣೆ ಕಡೆಯುವಾಗ ಪಾಲಿಸುವ ನಿಯಮ, ಬರಗಾಲದ ನೆನಪು, ಹೊಲಗಳ ಹೆಸರು. ಕೆಲವರು ಐರಿಷಿನಲ್ಲಿ ಬರೆದರು, ಹೆಚ್ಚಿನವರು ಇಂಗ್ಲಿಷಿನಲ್ಲಿ. ಎಲ್ಲ ಸೇರಿ ಸುಮಾರು 7 ಲಕ್ಷ 40 ಸಾವಿರ ಪುಟಗಳಾದವು.

ಕೋಲು ಕಟ್ಟಿಸಿಕೊಂಡಿದ್ದ ಮಕ್ಕಳ ಮೊಮ್ಮಕ್ಕಳು, ಮರಿಮಕ್ಕಳು ಇವರು. ಮನೆಯ ಮುದುಕರ ಮಾತಿಗೆ ಬೆಲೆ ಇದೆ ಎಂದು ಈ ಸಲ ಹೇಳಿದ್ದು ಶಾಲೆಯೇ. ಆಯೋಗದ ಇಡೀ ಸಂಗ್ರಹವನ್ನು ಯುನೆಸ್ಕೊ 2017ರಲ್ಲಿ ವಿಶ್ವದ ಸ್ಮೃತಿ ಪಟ್ಟಿಗೆ ಸೇರಿಸಿತು. ಮಕ್ಕಳು ಬರೆದ ಪುಟಗಳನ್ನು ಈಗ ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಕತೆಯ ಜೊತೆ ಬರೆದ ಮಗುವಿನ ಹೆಸರು, ಊರು, ಹೇಳಿದ ಅಜ್ಜನ ಹೆಸರು, ಬಹಳ ಕಡೆ ಅವನ ವಯಸ್ಸು ಕೂಡ ದಾಖಲಾಗಿದೆ.