ಮೂವತ್ತು ದಿನಗಳ ಗಡುವು

ದಿನ ತುಂಬುವ ಮುನ್ನವೇ ಹುಟ್ಟಿದ ಕೂಸು ಬದುಕಿ ಉಳಿದರೆ ಸಾಕೆಂದು ಮನೆಯವರು ದೇವರಿಗೆ ಹರಕೆ ಹೊರುವುದು ಸಹಜ. ಕೂಸು ಮೈದುಂಬಿಕೊಂಡು ಹಾಲು ಕುಡಿಯತೊಡಗಿದ ಮೇಲೆ ಗಂಡಾಂತರ ಕಳೆಯಿತೆಂದು ಸಮಾಧಾನಪಡುವುದೂ ಸಹಜವೇ. ಆದರೆ ವಾಚಕರೆ, ಆ ಸಮಯದಲ್ಲಿಯೇ ಮತ್ತೊಂದು ಗಂಡಾಂತರ ಅದರ ಕಣ್ಣಿನೊಳಗೆ ಸದ್ದಿಲ್ಲದೆ ಬೆಳೆಯುತ್ತಿರುವುದುಂಟು.

ಕಣ್ಣಿನ ಒಳಗೋಡೆಗೆ ಅಂಟಿಕೊಂಡಿರುವ ತೆಳುಪೊರೆಯೇ ಅಕ್ಷಿಪಟಲ. ನಾವು ಕಾಣುವ ಬಿಂಬವೆಲ್ಲ ಮೂಡುವುದು ಅದರ ಮೇಲೆ. ಅದಕ್ಕೆ ರಕ್ತವನ್ನೊದಗಿಸುವ ನಾಳಗಳು ಗರ್ಭದಲ್ಲಿ ಮೆಲ್ಲಮೆಲ್ಲನೆ ಹಬ್ಬಿ, ದಿನ ತುಂಬುವ ಹೊತ್ತಿಗೆ ಅಂಚನ್ನು ಮುಟ್ಟುತ್ತವೆ. ಬೇಗ ಹುಟ್ಟಿದ ಕೂಸಿನಲ್ಲಿ ಈ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಬಳಿಕ ಕೆಲವು ಕೂಸುಗಳಲ್ಲಿ ನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆದು, ಪಟಲವನ್ನು ಜಗ್ಗಿ, ಗೋಡೆಯಿಂದ ಕಿತ್ತುಬಿಡುತ್ತವೆ. ಪೂರ್ತಿ ಕಿತ್ತುಬಂದ ಮೇಲೆ ದೃಷ್ಟಿ ಮರಳುವುದು ಬಹು ದುರ್ಲಭ.

ಈ ರೋಗವನ್ನು ಮೊದಲು ವರ್ಣಿಸಿದವರು ಬಾಸ್ಟನ್ ನಗರದ ಡಾ. ಟೆರ್ರಿ, 1942ರಲ್ಲಿ. ಕೂಸುಗಳನ್ನು ಉಳಿಸಲೆಂದು ಧಾರಾಳವಾಗಿ ಕೊಡುತ್ತಿದ್ದ ಆಮ್ಲಜನಕವೇ ಇದಕ್ಕೆ ಕಾರಣವಿರಬಹುದೆಂದು 1951ರಲ್ಲಿ ಆಸ್ಟ್ರೇಲಿಯಾದ ಡಾ. ಕೇಟ್ ಕ್ಯಾಂಪ್‌ಬೆಲ್ ಸೂಚಿಸಿದರು. ವಾಷಿಂಗ್‌ಟನ್ ನಗರದ ತರುಣ ನೇತ್ರವೈದ್ಯ ಡಾ. ಆರ್ನಾಲ್ ಪಾಟ್ಜ್ ಕೆಲವು ಕೂಸುಗಳಿಗೆ ಆಮ್ಲಜನಕವನ್ನು ಕಡಿಮೆ ಮಾಡಿ ಪರೀಕ್ಷಿಸುತ್ತಿದ್ದಾಗ, ಅವು ಸತ್ತಾವೆಂದು ಹೆದರಿದ ದಾದಿಯರು ರಾತ್ರಿ ಗುಟ್ಟಾಗಿ ಅದನ್ನು ಹೆಚ್ಚಿಸುತ್ತಿದ್ದರಂತೆ! ಆದರೂ ಪಾಟ್ಜ್ ಊಹೆ ನಿಜವೆಂದು ಸಿದ್ಧವಾಯಿತು. 1956ರಲ್ಲಿ ಅವರಿಗೆ ಲಾಸ್ಕರ್ ಪ್ರಶಸ್ತಿ ಸಂದಿತು.

ಅಮೆರಿಕದಲ್ಲಿ 1,500 ಗ್ರಾಂವರೆಗಿನ ಕೂಸುಗಳನ್ನು ಪರೀಕ್ಷಿಸಿದರೆ ಬಹುಮಟ್ಟಿಗೆ ಸಾಕು. ನಮ್ಮ ನಾಡಿಗೆ ಆ ಅಳತೆ ಸಾಲದು. ಚಂಡೀಗಢದ ಆಸ್ಪತ್ರೆಯೊಂದರ ಹತ್ತು ವರ್ಷಗಳ ದಾಖಲೆಗಳನ್ನು ಪರಿಶೀಲಿಸಿದ ಅಕ್ಷಿಪಟಲ ತಜ್ಞ ಡಾ. ಆನಂದ ವಿನೇಕರ್ ಮತ್ತು ಸಂಗಡಿಗರು, ಇಲ್ಲಿ ಹೆಚ್ಚು ತೂಕದ ಕೂಸುಗಳಿಗೂ ರೋಗ ತಗಲುತ್ತದೆಂದು 2007ರಲ್ಲಿ ಪ್ರಕಟಿಸಿದರು. ಪರದೇಶದ ಅಳತೆಯನ್ನೇ ನೆಚ್ಚಿದ್ದರೆ ಅಂಥ ಕೂಸುಗಳ ಕಣ್ಣನ್ನು ಯಾರೂ ನೋಡುತ್ತಲೇ ಇರಲಿಲ್ಲ!

ಇಷ್ಟೊಂದು ಕೂಸುಗಳನ್ನು ನೋಡುವುದಕ್ಕೆ ತಜ್ಞರೆಲ್ಲಿ? 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಿಂದ ವಿನೇಕರ್ ಅವರು ‘ಕಿಡ್‌ರಾಪ್’ ಎಂಬ ಯೋಜನೆಯನ್ನಾರಂಭಿಸಿದರು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮರಾದೊಡನೆ ಊರೂರಿನ ಆಸ್ಪತ್ರೆಗೆ ಹೋಗಿ ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ. ದೂರದಲ್ಲಿರುವ ತಜ್ಞರು ಅಂತರಜಾಲದ ಮೂಲಕ ಅದನ್ನು ನೋಡಿ ಸಲಹೆ ಕೊಡುತ್ತಾರೆ. ಸರ್ಕಾರವೂ ಕೈಜೋಡಿಸಲು, ಯೋಜನೆ ಉತ್ತರ ಕರ್ನಾಟಕದ ಜಿಲ್ಲೆಗಳಿಗೂ ಹಬ್ಬಿತು.

ಆದರೆ ವಿಜ್ಞಾನ ಆಸ್ಪತ್ರೆಯ ಬಾಗಿಲವರೆಗೆ ಬಂದೀತು. ಬಾಗಿಲಿಗೆ ಕೂಸನ್ನು ತರಬೇಕಾದವರು ನಾವು. ದೇವದುರ್ಗದಲ್ಲೋ ಮಾನ್ವಿಯಲ್ಲೋ ಬೇಗ ಹುಟ್ಟಿದ ಕೂಸನ್ನು ರಾಯಚೂರಿನ ಆಸ್ಪತ್ರೆಯಲ್ಲಿ ಉಳಿಸಿಕೊಂಡು ಊರಿಗೆ ಒಯ್ದರೆಂದಿಟ್ಟುಕೊಳ್ಳಿ. ‘ಮತ್ತೆ ಕಣ್ಣು ತೋರಿಸಿ’ ಎಂದು ವೈದ್ಯರು ಹೇಳಿರುತ್ತಾರೆ. ಮನೆಯಲ್ಲಿ ಹಿರಿಯರು, ‘ಬಾಣಂತಿ, ಹಸುಗೂಸು ತಿಂಗಳೊಪ್ಪತ್ತು ಹೊಸಿಲು ದಾಟಬಾರದು, ಗಾಳಿ ತಗಲೀತು’ ಎನ್ನುತ್ತಾರೆ. ಬಸ್ಸಿನ ಖರ್ಚು, ತಂದೆಯ ಒಂದು ದಿನದ ಕೂಲಿ ಬೇರೆ ಹೋಗುತ್ತದೆ. ಕೂಸಿನ ಕಣ್ಣಾದರೋ ಹೊರಗಿನಿಂದ ನಿರ್ಮಲವಾಗಿಯೇ ಕಾಣುತ್ತದೆ. ಹಿರಿಯರ ಅಕ್ಕರೆ ಸುಳ್ಳಲ್ಲ. ಆದರೆ ರೋಗವನ್ನು ಹಿಡಿಯಬೇಕಾದ ಕಾಲವೂ ಆ ಒಂದು ತಿಂಗಳೇ!

ಆದ್ದರಿಂದ ಇಷ್ಟನ್ನು ನೆನಪಿಡಿ. ಕೂಸಿನ ತೂಕ 2,000 ಗ್ರಾಂಗಿಂತ ಕಡಿಮೆಯಿದ್ದರೆ, ಅಥವಾ ಅದು 34 ವಾರ ತುಂಬುವ ಮೊದಲೇ ಹುಟ್ಟಿದ್ದರೆ, ಮೂವತ್ತು ದಿನಗಳೊಳಗೆ ಅಕ್ಷಿಪಟಲದ ಪರೀಕ್ಷೆ ಆಗಲೇಬೇಕು. 28 ವಾರಕ್ಕೂ ಮೊದಲು ಹುಟ್ಟಿದ, ಅಥವಾ 1,200 ಗ್ರಾಂಗೂ ಕಡಿಮೆ ತೂಗುವ ಕೂಸಿಗೆ ಎರಡು ಮೂರು ವಾರಗಳಲ್ಲಿಯೇ ಆಗಬೇಕು. ಒಂದು ಸಲ ನೋಡಿದರೆ ಸಾಲದು. ವೈದ್ಯರು ಸಾಕೆನ್ನುವವರೆಗೂ ತೋರಿಸುತ್ತಿರಬೇಕು. ರೋಗ ಏರಿದ್ದರೆ ಎರಡು ಮೂರು ದಿನಗಳೊಳಗಾಗಿ ಲೇಸರ್ ಚಿಕಿತ್ಸೆಯಿಂದ ಬಹುತೇಕ ಕೂಸುಗಳ ದೃಷ್ಟಿ ಉಳಿಯುತ್ತದೆ.

ನಿಮ್ಮ ಬಂಧುಗಳಲ್ಲಾಗಲಿ, ಮನೆಗೆಲಸದಾಕೆಯ ಕುಟುಂಬದಲ್ಲಾಗಲಿ ಇಂಥ ಕೂಸು ಹುಟ್ಟಿದ್ದರೆ, ನೋಡಲು ಹೋದಾಗ ‘ಕಣ್ಣು ತೋರಿಸಿದಿರಾ?’ ಎಂದು ಮರೆಯದೆ ಕೇಳಿ.