ಹೊಸ ನಾಯಿಗೆ ಒಂದೇ ಕೈಯ ಊಟ



ಮನೆಗೆ ಹೊಸ ಸೊಸೆ ಬಂದರೆ, ‘ಪಾಪ, ನೀರು ಬದಲಾಗಿದೆ, ಒಗ್ಗಲಿಕ್ಕೆ ಹದಿನೈದು ದಿನ ಬೇಕು’ ಅಂತ ನಾವೇ ಹೇಳುತ್ತೇವೆ. ಮನೆಗೆ ಬಂದ ಮೂಕಪ್ರಾಣಿಯ ವಿಷಯದಲ್ಲಿ ಮಾತ್ರ ಈ ಮಾತು ಮರೆತುಬಿಡುತ್ತೇವೆ. ನಾನಂತೂ ಮರೆತಿದ್ದೆ. ಆ ಮರೆವಿನಿಂದ ಒಂದು ಜೀವ ಮತ್ತೆ ಬೀದಿಪಾಲಾಗುವುದರಲ್ಲಿತ್ತು. ಈ ಸಲ ಅದರದ್ದೇ ಕಥೆ.

ನಮ್ಮ ಪಾಪಿನಾಯಕನಹಳ್ಳಿ ಹೊಸಪೇಟೆ-ಬಳ್ಳಾರಿ ಹೆದ್ದಾರಿಗೆ ಹತ್ತಿರದ ಊರು. ಹಗಲು ರಾತ್ರಿ ಲಾರಿಗಳ ಸದ್ದು, ರೈಲಿನ ಕೂಗು. ಕಳೆದ ಮಳೆಗಾಲದಲ್ಲಿ ನನ್ನ ಮಗ ಹೆದ್ದಾರಿಯ ಹೋಟೆಲೊಂದರ ಹಿಂದೆ ಎಲೆ ನೆಕ್ಕುತ್ತಿದ್ದ ಹೆಣ್ಣುನಾಯಿಯನ್ನು ಮನೆಗೆ ಕರೆದುಕೊಂಡು ಬಂದ. ವರ್ಷದ ಪ್ರಾಯ ಇರಬಹುದು. ಪಕ್ಕೆಲುಬು ಎಣಿಸಬಹುದಿತ್ತು. ಮೈಬಣ್ಣ ಯಾವುದು, ಅದಿರಿನ ಧೂಳು ಯಾವುದು ತಿಳಿಯದಷ್ಟು ಕೆಂಪು. ಕೆಂಪಿ ಅಂತಲೇ ಹೆಸರಾಯಿತು.

ಬಡಕಲು ಜೀವ ಕಂಡರೆ ನಮ್ಮ ಹೆಂಗಸರ ಕೈ ಸುಮ್ಮನಿರುತ್ತದೆಯೇ? ನಮ್ಮ ಅತ್ತೆ ಮೈಲಾರಲಿಂಗನ ಭಕ್ತರು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಗೊರವರನ್ನು ನೀವು ನೋಡಿರಬಹುದು. ಕಂಬಳಿ ತೊಟ್ಟು, ಡಮರು ಹಿಡಿದು, ದೋಣಿಯಲ್ಲಿ ಹಾಕಿದ ಹಾಲು-ಬಾಳೆಹಣ್ಣನ್ನು ನಾಯಿಯಂತೆ ಬೊಗಳುತ್ತಾ ಬಾಯಿ ಹಾಕಿ ತಿನ್ನುತ್ತಾರೆ. “ಇದು ಮೈಲಾರಲಿಂಗನ ನಾಯಿ ಐತವ್ವಾ, ತಾನಾಗೇ ಬಂದೈತಿ” ಅಂತ ಅತ್ತೆ ಎರಡು ಹೊತ್ತೂ ಬಟ್ಟಲು ತುಂಬಾ ಹಾಲು, ಬಾಳೆಹಣ್ಣು ಇಟ್ಟರು. ನಮ್ಮ ಯಜಮಾನರು ಚಹಾದ ಜೊತೆಗಿನ ಬಿಸ್ಕತ್ತು ಕೊಟ್ಟರು. ಮಗ ಮಿರ್ಚಿಯ ಚೂರು ಎಸೆದ. ಪಕ್ಕದ ಮನೆಯವರು ರೊಟ್ಟಿಗೆ ಎಣ್ಣೆಗಾಯಿ ಸವರಿ ಹಾಕಿದರು. ನಾನೇನು ಕಡಿಮೆಯೇ? ರಾತ್ರಿ ಉಳಿದ ಸಾರನ್ನವನ್ನೆಲ್ಲ ಅದರ ತಟ್ಟೆಗೇ ಸುರಿದೆ. ಕೆಂಪಿ ಯಾವುದಕ್ಕೂ ಬೇಡ ಅನ್ನಲಿಲ್ಲ. ಹಸಿದು ಬೆಳೆದ ನಾಯಿ ಯಾವತ್ತೂ ಬೇಡ ಅನ್ನುವುದಿಲ್ಲ.

ಮೂರನೇ ದಿನ ಭೇದಿ ಶುರುವಾಯಿತು. ಹಿತ್ತಿಲು, ಜಗಲಿ, ನೀರಿನ ತೊಟ್ಟಿಯ ಪಕ್ಕ, ಎಲ್ಲ ಕಡೆ. ನಾಲ್ಕನೇ ದಿನ ವಾಂತಿ. ಅತ್ತೆ ‘ಸುಸ್ತಾಗೈತಿ’ ಅಂತ ಇನ್ನೂ ಹಾಲು ಹಾಕಿದರು, ಭೇದಿ ಇನ್ನೂ ಹೆಚ್ಚಾಯಿತು. ವಾರವಾಗುವಷ್ಟರಲ್ಲಿ ಬಂದ ದಿನಕ್ಕಿಂತ ಬಡವಾಗಿತ್ತು. ಒಂದು ಬೆಳಿಗ್ಗೆ ಜಗಲಿ ತೊಳೆಯುತ್ತಿದ್ದಾಗ ಯಜಮಾನರು, “ಇದು ನಮ್ಮಿಂದ ಆಗೋದಲ್ಲ. ಸಿಕ್ಕ ಕಡೆಗೇ ಬಿಟ್ಟು ಬರ್ತೀನಿ” ಅಂದರು. ಮಗನ ಮುಖ ಸಣ್ಣದಾಯಿತು. ನಾನು, “ರೀ, ಎಂಟು ದಿನ ಕೊಡಿ. ಆಮೇಲೆ ನಿಮ್ಮಿಷ್ಟ” ಅಂದೆ. ಅಂದೆನೇ ಹೊರತು, ಏನು ಮಾಡಬೇಕು ಅಂತ ನನಗೂ ಗೊತ್ತಿರಲಿಲ್ಲ.

ಹೊಸಪೇಟೆಗೆ ಆಟೋದಲ್ಲಿ ಕರೆದುಕೊಂಡು ಹೋದೆವು. ಪಶುವೈದ್ಯರು ಜ್ವರ ನೋಡಿದರು, ತುಟಿ ಎತ್ತಿ ಒಸಡು ನೋಡಿದರು, ಮಲ ಪರೀಕ್ಷೆ ಮಾಡಿಸಿದರು. ಆಮೇಲೆ ಕೇಳಿದರು: “ಅಮ್ಮಾ, ಇದಕ್ಕೆ ಊಟ ಹಾಕೋರು ಯಾರು?” “ಎಲ್ಲರೂ ಹಾಕ್ತೀವಿ ಸಾರ್” ಅಂದೆ. ಅವರು ನಕ್ಕುಬಿಟ್ಟರು. “ಹೊಟ್ಟೆಯಲ್ಲಿ ಹುಳು ಇದೆ, ಔಷಧಿ ಕೊಡ್ತೀನಿ. ಆದರೆ ಅರ್ಧ ಕಾಯಿಲೆ ನಿಮ್ಮ ಪ್ರೀತಿಯದು. ಇವತ್ತಿಂದ ಊಟ ಒಂದೇ, ಹಾಕೋ ಕೈಯೂ ಒಂದೇ” ಅಂದರು.

ಅವರು ಬಿಡಿಸಿ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಮರಿಯಾಗಿದ್ದಾಗ ತಾಯಿಹಾಲನ್ನು ಅರಗಿಸುವ ಶಕ್ತಿ ನಾಯಿಗೆ ಇರುತ್ತದೆ. ಬೆಳೆದ ಮೇಲೆ ಬಹಳಷ್ಟು ನಾಯಿಗಳಲ್ಲಿ ಅದು ಕುಗ್ಗುತ್ತದೆ. ಆಗ ಹಾಲಿನ ಸಕ್ಕರೆ ಜೀರ್ಣವಾಗದೆ ಕರುಳಿನಲ್ಲಿ ಉಳಿದು ಭೇದಿಯಾಗುತ್ತದೆ. ಎಣ್ಣೆ, ಖಾರ, ಮಸಾಲೆಯೂ ಹೊಟ್ಟೆ ಕೆಡಿಸುತ್ತವೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕ್ಕೇ ಕೆಡುಕು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ವಿಷ. ನಮ್ಮ ಸಾರಿನ ಒಗ್ಗರಣೆಯಲ್ಲಿ ಬೆಳ್ಳುಳ್ಳಿ ಇಲ್ಲದ ದಿನ ಯಾವುದು ಹೇಳಿ? ಬೇಯಿಸಿದ ಎಲುಬು ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ, ಅದನ್ನೂ ಹಾಕಬಾರದು.

ಇನ್ನು ಕೆಂಪಿಯ ಪಥ್ಯ. ಅಡುಗೆ ಪುಟಕ್ಕೆ ಬರುವಂಥದ್ದಲ್ಲ, ಆದರೂ ಬರೆದಿಟ್ಟುಕೊಳ್ಳಿ.

ಅಕ್ಕಿಯನ್ನು ಹೆಚ್ಚು ನೀರಿನಲ್ಲಿ ಮೆತ್ತಗೆ ಬೇಯಿಸಿ. ಎರಡು ಪಾಲು ಅನ್ನಕ್ಕೆ ಒಂದು ಪಾಲು ಎಲುಬು, ಚರ್ಮ, ಕೊಬ್ಬು ತೆಗೆದು ಬರೀ ನೀರಿನಲ್ಲಿ ಬೇಯಿಸಿದ ಕೋಳಿಮಾಂಸ. ಬೇಕಾದರೆ ಒಂದು ಚಮಚ ಬೇಯಿಸಿದ ಸಿಹಿಗುಂಬಳ. ಉಪ್ಪು, ಅರಿಶಿನ, ಎಣ್ಣೆ, ಒಗ್ಗರಣೆ ಏನೂ ಬೇಡ. ಎಲ್ಲವನ್ನೂ ಹಿಸುಕಿ, ಆರಿಸಿ, ದಿನದ ಊಟವನ್ನು ನಾಲ್ಕು ಪಾಲು ಮಾಡಿ ನಾಲ್ಕು ಹೊತ್ತು ಹಾಕಿ. ಮೊದಲ ದಿನ ಒಂದು ಹೊತ್ತಿಗೆ ನಾಲ್ಕೈದು ಚಮಚ ಸಾಕು. ಕುಡಿಯುವ ನೀರು ಯಾವಾಗಲೂ ಪಕ್ಕದಲ್ಲಿರಲಿ.

ನಮ್ಮದು ಮಾಂಸ ಬೇಯಿಸದ ಮನೆ. ‘ಹಾಗಾದರೆ ಮೊಟ್ಟೆ ಬೇಯಿಸಿ, ಮೊದಲು ಬಿಳಿಭಾಗ ಮಾತ್ರ ಕೊಡಿ’ ಎಂದರು ವೈದ್ಯರು. ಮೊಟ್ಟೆ ಅಂದರೂ ಅತ್ತೆಗೆ ಸಂಕಟವೇ. ಕಡೆಗೆ ಮಗ ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ, ಬೇರೆ ಪಾತ್ರೆಯಲ್ಲಿ ತಾನೇ ಬೇಯಿಸತೊಡಗಿದ. ಅತ್ತೆ ಎರಡು ದಿನ ಮುಖ ತಿರುಗಿಸಿಕೊಂಡಿದ್ದರು. ಮೂರನೇ ದಿನ ಕೆಂಪಿಯ ಮಲ ಗಟ್ಟಿಯಾಗಿತ್ತು. ಅದನ್ನು ಮೊದಲು ಕಂಡು ಬಂದು ಹೇಳಿದವರೂ ಅತ್ತೆಯೇ!

ಇಲ್ಲೊಂದು ತಪ್ಪು ಮಾಡಬೇಡಿ. ವಾಸಿಯಾಯಿತು ಅಂತ ಒಮ್ಮೆಲೇ ಊಟ ಬದಲಿಸಬಾರದು. ಮೂರು ದಿನ ಹೊಟ್ಟೆ ಸರಿಯಿದ್ದ ಮೇಲೆ ಮುಕ್ಕಾಲು ಪಾಲು ಪಥ್ಯ, ಕಾಲು ಪಾಲು ಹೊಸ ಊಟ. ಎರಡು-ಮೂರು ದಿನ ಬಿಟ್ಟು ಅರ್ಧ ಅರ್ಧ. ಮತ್ತೆರಡು-ಮೂರು ದಿನ ಬಿಟ್ಟು ಮುಕ್ಕಾಲು ಹೊಸದು. ಹೀಗೆ ಏಳರಿಂದ ಹತ್ತು ದಿನ ಬೇಕು. ಹೊಸದು ಒಂದು ಸಲಕ್ಕೆ ಒಂದೇ ಇರಲಿ. ಆಗ ಯಾವುದು ಒಗ್ಗಲಿಲ್ಲ ಅಂತ ತಿಳಿಯುತ್ತದೆ. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಕೆಂಪಿಯ ಲೆಕ್ಕ ಬರೆದೆ. ಏನು ತಿಂತು, ಎಷ್ಟು ಸಲ ಹೊರಗೆ ಹೋಯಿತು, ಗಟ್ಟಿಯೋ ತೆಳುವೋ. ಅನ್ನ-ಮೊಟ್ಟೆಯನ್ನೇ ವರ್ಷವಿಡೀ ಹಾಕಿದರೂ ಪೋಷಣೆ ಸಾಲದು. ಮುಂದಿನ ಊಟ ಯಾವುದೆಂದು ವೈದ್ಯರನ್ನೇ ಕೇಳಿ.

ಆ ಕ್ಯಾಲೆಂಡರಿನಿಂದಲೇ ನನಗೆ ಇನ್ನೊಂದು ಸಂಗತಿ ಹೊಳೆಯಿತು. ಮೂರನೇ ವಾರ ಒಂದು ದಿನ ತಪ್ಪಾಗಿ ಏನೂ ತಿನ್ನದಿದ್ದರೂ ಭೇದಿಯಾಯಿತು. ಯೋಚಿಸಿ ನೋಡಿದೆ. ಹಿಂದಿನ ದಿನ ನಮ್ಮ ನಾದಿನಿಯ ಮಕ್ಕಳು ಬಂದು ದಿನವಿಡೀ ಅದನ್ನು ಎತ್ತಿ, ಎಳೆದು, ಮುದ್ದು ಮಾಡಿದ್ದರು. ಕೆಂಪಿ ಮಂಚದ ಕೆಳಗೆ ನಡುಗುತ್ತಾ ಕೂತಿತ್ತು. ಪರೀಕ್ಷೆಯ ದಿನ ಮಕ್ಕಳ ಹೊಟ್ಟೆ ಕೆಡುವುದಿಲ್ಲವೇ? ನಾಯಿಯ ಕರುಳಿಗೂ ಹೆದರಿಕೆ ತಟ್ಟುತ್ತದೆ.

ಅದಕ್ಕೇ ಹೊಸ ನಾಯಿಗೆ ಮೊದಲು ಒಂದು ಮೂಲೆ ಕೊಡಿ. ಹಳೆಯ ಗೋಣಿಚೀಲವಾದರೂ ಸಾಕು, ಜಾಗ ಬದಲಾಗಬಾರದು. ಅಲ್ಲಿ ಮಲಗಿದಾಗ ಯಾರೂ ಮುಟ್ಟಬಾರದು. ಊಟ, ತಿರುಗಾಟ, ನಿದ್ದೆ ದಿನವೂ ಅದೇ ಹೊತ್ತಿಗೆ ಆಗಲಿ. ನೆಂಟರಿಷ್ಟರಿಗೆ ತೋರಿಸುವ ಸಂಭ್ರಮ ಸ್ವಲ್ಪ ದಿನ ತಡೆದುಕೊಳ್ಳಿ. ಹೆದರಿಕೆ ತಗ್ಗಲು ಮೂರು ದಿನ, ಮನೆಯ ರೀತಿ ತಿಳಿಯಲು ಮೂರು ವಾರ, ‘ಇದು ನನ್ನ ಮನೆ’ ಅನ್ನಿಸಲು ಮೂರು ತಿಂಗಳು ಎಂಬುದು ನಾಯಿ ಸಾಕುವವರ ಅಂದಾಜು. ಕೆಲವಕ್ಕೆ ಇನ್ನೂ ಹೆಚ್ಚೇ ಬೇಕಾದೀತು.

ಈಗ ಎಚ್ಚರಿಕೆಯ ಮಾತು. ಮಲದಲ್ಲಿ ರಕ್ತ, ಕಪ್ಪು ಮಲ, ನಿಲ್ಲದ ವಾಂತಿ, ಕುಡಿದ ನೀರೂ ನಿಲ್ಲದಿರುವುದು, ಒಸಡು ಬಿಳಿಚುವುದು, ಕರೆದರೂ ಏಳದಿರುವುದು ಕಂಡರೆ ಪಥ್ಯ ಮಾಡುತ್ತಾ ಕೂರಬೇಡಿ. ಅದೇ ದಿನ ವೈದ್ಯರ ಹತ್ತಿರ ಓಡಿ. ಮರಿಯಾದರೆ ಒಂದು ದಿನದ ಭೇದಿಯನ್ನೂ ಹಗುರ ಮಾಡಬೇಡಿ. ಲಸಿಕೆ ಹಾಕಿಸದ ಮರಿಗೆ ಬರುವ ಪಾರ್ವೊ ರೋಗ ಜೀವ ತೆಗೆಯುತ್ತದೆ. ನಮ್ಮ ಡಬ್ಬಿಯ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ನಾಯಿಗೆ ಎಂದೂ ಕೊಡಬೇಡಿ. ನಾಯಿಯ ಹುಳು ಮಕ್ಕಳಿಗೂ ಹತ್ತಬಹುದು. ಮಲ ತೆಗೆದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಮಕ್ಕಳು ಬರಿಗಾಲಲ್ಲಿ ಹಿತ್ತಿಲಿಗೆ ಹೋಗುವುದು ಬೇಡ. ರೇಬೀಸ್ ಲಸಿಕೆ ಅಂತೂ ತಪ್ಪಿಸಲೇಬಾರದು.

ಇಷ್ಟೆಲ್ಲ ಒಂದು ಬೀದಿನಾಯಿಗೇ ಅಂತ ಮೂಗು ಮುರಿದವರೂ ಇದ್ದಾರೆ. ಅವರಿಗೆ ನಾನು ಆತಕೂರಿನ ಕಥೆ ಹೇಳುತ್ತೇನೆ. ಸುಮಾರು 949ರಲ್ಲಿ, ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನನ್ನು ಗಂಗರ ಬೂತುಗ ಮೆಚ್ಚಿ, ‘ಏನು ಬೇಕು, ಕೇಳು’ ಎಂದನಂತೆ. ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಮುಂದೆ ದೊಡ್ಡ ಹಂದಿಯೊಡನೆ ಕಾದಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆ ಕಲ್ಲನ್ನು ಪೂಜಿಸದೆ ಗೊರವ ಉಂಡರೆ ಅವನಿಗೆ ಪಾಪ ಎಂದೂ ಅದರಲ್ಲಿ ಕೊರೆದಿದ್ದಾರೆ. ಇದನ್ನು ಕೇಳಿದ ಮೇಲೆ ನಮ್ಮ ಅತ್ತೆ, “ನೋಡವ್ವಾ, ನಾ ಹೇಳಿದ್ದು ಸುಳ್ಳಾ?” ಅಂದರು.

ಸುಳ್ಳಲ್ಲ. ಆದರೆ ಹಾಲಿನ ಬಟ್ಟಲು ಮಾತ್ರ ನಿಂತಿತು. ಈಗ ಬೆಳಿಗ್ಗೆ, ಸಂಜೆ ಕೆಂಪಿಗೆ ತಟ್ಟೆ ಇಡುವ ಕೆಲಸ ಅತ್ತೆಯದೇ. ನಾನು ಅಳೆದು ಕೊಡುತ್ತೇನೆ, ಅವರು ಇಡುತ್ತಾರೆ, ಬೇರೆ ಯಾರೂ ಹಾಕುವ ಹಾಗಿಲ್ಲ. ಪಕ್ಕದ ಮನೆಯವರಿಗೂ ಕೈಮುಗಿದು ಹೇಳಿದ್ದೇವೆ. ಎಂಟು ದಿನದ ಗಡುವು ಯಾವಾಗ ಮುಗಿಯಿತು ಅಂತ ಯಜಮಾನರು ಕೇಳಲೇ ಇಲ್ಲ. ಮೊನ್ನೆ ಚಹಾ ಕುಡಿಯುವಾಗ ಕೆಂಪಿ ಬಂದು ಮುಂದೆ ಕೂತಿತು. ಅವರು ಬಿಸ್ಕತ್ತು ಹಿಡಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಇನ್ನೊಂದು ಕೈಯಿಂದ ಅದರ ತಲೆ ಸವರಿದರು. ಅದಕ್ಕೂ ಅಷ್ಟೇ ಸಾಕಾಯಿತು, ಅಲ್ಲೇ ಮಲಗಿತು.

ಹಬ್ಬ ಬಂತೆಂದರೆ ಇನ್ನೂ ಭಯವಿದೆ. ಹೋಳಿಗೆ ಹಿಡಿದ ಕೈಗಳು ಮನೆ ತುಂಬಾ ಇರುತ್ತವಲ್ಲ! ನಿಮ್ಮ ಮನೆಯಲ್ಲೂ ಇಂಥ ಸೂಕ್ಷ್ಮ ಹೊಟ್ಟೆಯ ಅತಿಥಿ ಇದ್ದರೆ, ನೀವು ಹೇಗೆ ಸಂಭಾಳಿಸಿದಿರಿ ಅಂತ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.