ಸಾವಿನ ಲೆಕ್ಕವನ್ನು ಮುಚ್ಚಿಡುವ ಸಮಾಜಕ್ಕೆ

2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಯೆಂದು ಪರಿಗಣಿಸಿದಾಗ ಜೈನ ಸಮಾಜವು ದೇಶದಾದ್ಯಂತ ಮೌನ ಮೆರವಣಿಗೆ ನಡೆಸಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. ವ್ರತವೇ ಬೇರೆ, ಹತಾಶೆಯ ಸಾವೇ ಬೇರೆ ಎಂಬ ವಾದ ಸರಿಯಾದದ್ದೇ. ಆದರೆ ಆ ಎರಡನೆಯ ಸಾವಿಗಾಗಿ ಸಮಾಜವು ಎಂದಾದರೂ ಬೀದಿಗಿಳಿದಿದೆಯೇ?

ಮುಂಬಯಿಯಲ್ಲಿ ಅಂತಹ ಸಾವು ಸಂಭವಿಸಿದರೆ ಪೊಲೀಸರು ಆಕಸ್ಮಿಕ ಮರಣದ ವರದಿ ದಾಖಲಿಸುತ್ತಾರೆ; ಪಂಚನಾಮೆಯಾಗುತ್ತದೆ, ಶವಪರೀಕ್ಷೆಯಾಗುತ್ತದೆ. ಹಿಂದೆ 1871ರ ಕಾಯಿದೆಯಂತೆ ನಗರಕ್ಕೆ ಕೊರೋನರ್ ಎಂಬ ಪ್ರತ್ಯೇಕ ಅಧಿಕಾರಿಯಿದ್ದರು. 1999ರಲ್ಲಿ ಆ ಹುದ್ದೆ ರದ್ದಾದ ಬಳಿಕ ವಿಚಾರಣೆಯ ಹೊರೆ ಠಾಣೆಯ ಮೇಲೆ ಬಿದ್ದಿದೆ. ಠಾಣೆ ಕೇಳುವ ಮುಖ್ಯ ಪ್ರಶ್ನೆ ಒಂದೇ: ಇದರಲ್ಲಿ ಅಪರಾಧವಿದೆಯೇ? ಇಲ್ಲವೆಂದಾದರೆ ಕಡತ ಮುಚ್ಚುತ್ತದೆ. ಈ ಜೀವವನ್ನು ಉಳಿಸಬಹುದಿತ್ತೇ ಎಂದು ಕೇಳುವವರಿಲ್ಲ.

ಇಂತಹ ಕಡತಗಳ ಮೊತ್ತವೇ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿ. 2022ರಲ್ಲಿ ದೇಶದಲ್ಲಿ 1,70,924 ಆತ್ಮಹತ್ಯೆಗಳು; ಅವುಗಳಲ್ಲಿ 22,746 ಮಹಾರಾಷ್ಟ್ರದವು, ರಾಜ್ಯಗಳ ಪೈಕಿ ಅತ್ಯಧಿಕ. ಕಾರಣದ ಅಂಕಣದಲ್ಲಿ ಶೇ. 31.7 ಸಾವುಗಳಿಗೆ ‘ಕೌಟುಂಬಿಕ ಸಮಸ್ಯೆ’ ಎಂಬ ಒಂದೇ ಹಣೆಪಟ್ಟಿ. ವ್ಯಾಪಾರಸ್ಥರು ಇದನ್ನು ಸುಲಭವಾಗಿ ಗ್ರಹಿಸಬಲ್ಲರು: ತಿಳಿಯದ ಮೊತ್ತವನ್ನೆಲ್ಲ ಸಸ್ಪೆನ್ಸ್ ಖಾತೆಗೆ ಸುರಿದರೆ ತಾಳೆಪಟ್ಟಿ ಹೊಂದುತ್ತದೆ, ಸತ್ಯ ಮಾತ್ರ ಹೊರಬರುವುದಿಲ್ಲ.

ನ್ಯಾಯವೈದ್ಯಕೀಯ ದಾಖಲೆಗಳನ್ನು ಒಟ್ಟಿಗಿಟ್ಟು ವಯಸ್ಸು, ಸ್ಥಳ, ಸಾಲ, ಕಾಯಿಲೆ, ಕೊನೆಯ ಬಾರಿ ಕಂಡ ವೈದ್ಯರು ಇವನ್ನೆಲ್ಲ ಹೋಲಿಸಿ ನೋಡುವ ಶಾಸ್ತ್ರವೊಂದಿದೆ. ಬಂಧುಗಳೊಡನೆ ಗೋಪ್ಯವಾಗಿ, ಸಹಾನುಭೂತಿಯಿಂದ ಮಾತನಾಡಿ ಮೃತರ ಕೊನೆಯ ದಿನಗಳನ್ನು ಅರಿಯುವುದೂ ಅದರ ಭಾಗ. ಅದರ ಫಲ ಕೇವಲ ಅಂಕಿಯಲ್ಲ. ಯಾವ ಕೀಟನಾಶಕಗಳು ಜೀವ ತೆಗೆಯುತ್ತಿವೆಯೆಂದು ದಾಖಲೆಗಳಿಂದ ಅರಿತ ಶ್ರೀಲಂಕಾ, ಅವನ್ನು ಹಂತಹಂತವಾಗಿ ನಿಷೇಧಿಸಿ ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣವನ್ನು ಸುಮಾರು ಶೇ. 70ರಷ್ಟು ಇಳಿಸಿತು.

ಹೀಗಿರುವಾಗ ಮನೆತನದ ಮರ್ಯಾದೆಗೆ, ಮಕ್ಕಳ ಸಂಬಂಧಕ್ಕೆ ಅಂಜಿ ‘ಕಾಲು ಜಾರಿತು’ ಎಂದು ಬರೆಸಲು ನೆರವಾಗುವ ಗಣ್ಯರು ಯಾರನ್ನು ಕಾಪಾಡುತ್ತಾರೆ? ಸತ್ತವರನ್ನಂತೂ ಅಲ್ಲ. ಅದೇ ಸಂಕಟದಲ್ಲಿರುವ ಮುಂದಿನವರ ದಾರಿಯ ದೀಪವನ್ನು ಅವರು ಆರಿಸುತ್ತಾರೆ. ನೀರನ್ನು ಸೋಸಿ ಕುಡಿದು, ಸೂರ್ಯಾಸ್ತಕ್ಕೆ ಮುನ್ನ ಉಂಡು ಕಣ್ಣಿಗೆ ಕಾಣದ ಜೀವಿಯನ್ನೂ ಉಳಿಸುವ ಶ್ರಾವಕರಿಗೆ ಮಗ್ಗುಲಲ್ಲೇ ನರಳುವ ಜೀವ ಕಾಣದೆಂದರೆ ಅದು ಅಹಿಂಸೆಯೇ? ಸುಳ್ಳು ಹೇಳಿಕೆಗೆ ಸಹಿ ಹಾಕಿಸುವುದು ಸತ್ಯಾಣುವ್ರತವೇ?

ಆತ್ಮಹತ್ಯೆಯ ಮರಣಗಳನ್ನು 2030ರೊಳಗೆ ಶೇ. 10ರಷ್ಟು ತಗ್ಗಿಸುವುದು 2022ರ ರಾಷ್ಟ್ರೀಯ ಕಾರ್ಯತಂತ್ರದ ಗುರಿ. ಹೆಸರು ಮರೆಮಾಡಿದ, ಠಾಣಾವಾರು ವಿವರ ಪ್ರತಿವರ್ಷ ಪ್ರಕಟವಾಗಲಿ. ನಗರದ ವೈದ್ಯಕೀಯ ಕಾಲೇಜುಗಳು ಅದನ್ನು ಪರಿಶೀಲಿಸಲಿ ಎಂದು ಸಮಾಜದ ಸಂಸ್ಥೆಗಳು ಸರ್ಕಾರವನ್ನು ಒತ್ತಾಯಿಸಬೇಕು. ಬಸದಿಯ ಸೂಚನಾ ಫಲಕದಲ್ಲಿ ಪೂಜೆಯ ವೇಳೆಯ ಪಕ್ಕದಲ್ಲೇ ಟೆಲಿ ಮಾನಸ್ ಸಹಾಯವಾಣಿ 14416 ಇರಲಿ. ಅದು ಹಗಲಿರುಳೂ ಉಚಿತ. ಸಲ್ಲೇಖನಕ್ಕಾಗಿ ಮೌನವಾಗಿ ನಡೆದ ಸಮಾಜವು ಈ ಸಾವುಗಳಿಗಾಗಿ ಮೌನ ಮುರಿಯಬೇಕಾಗಿದೆ.